ಈಗ ಹೋಗಲಾ?

ನಗೋದಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ನಕ್ಕರೆ ನನಗಾಗೋದಿಲ್ಲ. ಇದು ಎಲ್ಲೋ ಯಾರೋ ಹೇಳಿದ್ದು ಕೇಳಿದ್ದಲ್ಲ... ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಊರೆಲ್ಲ ಅವನನ್ನ ಮೈಕಣ್ಣ ಅಂತಲೇ ಕರೆಯೋದು. ಅಂಗಡಿ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ, ಆಫೀಸಿನ ಬೀಳ್ಕೊಡುಗೆ... ಎಲ್ಲಿ ನಾಲ್ಕು ಕುರ್ಚಿ ಹಾಕಿ ಒಂದು ಮೈಕು ನಿಲ್ಲಿಸಿದರೂ ಅಲ್ಲಿ ಇವನೇ ನಿರೂಪಕ. ಬಾಯಿ ತೆರೆಯೋದು ಗೊತ್ತು, ಮುಚ್ಚೋದು ಗೊತ್ತಿಲ್ಲ. ಸಭೆಯ ಮುಂದೆ ನಿಂತು ತೊದಲೋರನ್ನ ಕಂಡರೆ ಅವನಿಗೆ ಕನಿಕರ ಬರುತ್ತಿರಲಿಲ್ಲ, ಹೇಸಿಗೆ ಬರುತ್ತಿತ್ತು. "ಕೈ ನಡುಗೋರು ಕೈ ಕಟ್ಕೊಂಡು ಮನೇಲಿ ಕೂತ್ಕೋಬೇಕಪ್ಪ, ನಮ್ಮ ಟೈಮ್ ಯಾಕೆ ಹಾಳು ಮಾಡ್ಬೇಕು?" ಅನ್ನೋನು. ಅವರೆದುರಿಗೇ ಅನ್ನೋನು, ಅದೂ ಮೈಕಿನಲ್ಲಿ.

ಆ ರಾತ್ರಿ ಯಾವುದೋ ಕಂಪನಿಯವರ ಕೂಟ ಮುಗಿಸಿ ನಡೆದುಕೊಂಡು ಬರುತ್ತಿದ್ದ. ಮನೆಗೆ ಹತ್ತಿರದ ದಾರಿ ಅಂದರೆ ಹಳೆಯ ಐಸ್ ಫ್ಯಾಕ್ಟರಿಯ ಹಿಂದಿನ ಓಣಿ. ಫ್ಯಾಕ್ಟರಿ ಮುಚ್ಚಿ ಬಹಳ ಕಾಲವಾಯಿತು. ಓಣಿಯ ಪಕ್ಕದಲ್ಲಿ ಫ್ಯಾಕ್ಟರಿಯದ್ದೇ ಒಂದು ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ಇರೋ ಒಂದು ಬೀದಿದೀಪವೂ ಮಿಣುಕ್ ಮಿಣುಕ್ ಅನ್ನುತ್ತಿತ್ತು.

ಶೂ ಸದ್ದು... ಟಕ್, ಟಕ್. ಬಾವಿಯೊಳಗೆ ಎಲ್ಲಿಂದಲೋ ನೀರು ಬೀಳೋ ಸದ್ದು... ತೊಟ್... ತೊಟ್. ಬೇರೆ ಏನೂ ಇಲ್ಲ.

ಇನ್ನೇನು ಬಾವಿ ದಾಟಬೇಕು... ಫ್ಯಾಕ್ಟರಿಯ ಮುರುಕು ಕಿಟಕಿಯ ಒಳಗಿಂದ, ಉಹ್ಹು. ಉಹ್ಹು. ಗಂಟಲು ಸರಿಮಾಡಿಕೊಳ್ಳೋ ಸದ್ದು. ಆಮೇಲೆ ಒಂದು ದನಿ, ತೆಳ್ಳಗೆ.

"ಪ್ರಭು..."

ನಿಂತಿತು. ಮತ್ತೆ ಉಹ್ಹು.

"ಪ್ರಭು... ಕು... ಕುದು..."

ಮತ್ತೆ ನಿಂತಿತು. 'ಪ್ರಭು, ಕುದುರೆ ಸಿದ್ಧವಾಗಿದೆ' ಅನ್ನೋಕೆ ಒದ್ದಾಡುತ್ತಿದ್ದಾನೆ ಅಂತ ಮೈಕಣ್ಣನಿಗೆ ಅಷ್ಟರಲ್ಲೇ ಗೊತ್ತಾಯಿತು. ನಾಟಕದಲ್ಲಿ ಒಂದೇ ಮಾತಿನ ಸೇವಕನ ಪಾತ್ರ. ಅದನ್ನೂ ಹೇಳೋಕೆ ಬರದವನು ಒಬ್ಬ ಕತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದಾನೆ! ಬೇರೆಯವರಾಗಿದ್ದರೆ ಇಷ್ಟು ಹೊತ್ತಲ್ಲಿ ಪಾಳುಬಿದ್ದ ಫ್ಯಾಕ್ಟರಿಯೊಳಗೆ ಯಾರಿದು ಅಂತ ಹೆದರೋರು. ಇವನಿಗೆ ಮೈ ಉರಿಯಿತು. ಕಿಟಕಿ ಕಡೆ ತಿರುಗಿ ಕೂಗಿದ.

"ಗಟ್ಟಿಯಾಗಿ ಹೇಳಯ್ಯಾ! ಹೇಳೋಕೆ ಬರದೆ ಇದ್ರೆ ಈ ಬಾವೀಲಿ ಕಪ್ಪೆಗಳಿವೆ, ಅವುಗಳ ಹತ್ರ ಕಲಿ ಹೋಗು!"

ದನಿ ನಿಂತಿತು. ಬಾವಿಯೊಳಗಿನ ತೊಟ್ ತೊಟ್ ಕೂಡ ನಿಂತಿತು. ಆಮೇಲೆ ಕಿಟಕಿಯಿಂದ ಪಿಸುದನಿಯಲ್ಲಿ... "ಕ್ಷಮಿಸಿ."

ಮೈಕಣ್ಣ ಬಿದ್ದು ಬಿದ್ದು ನಕ್ಕು ಮನೆಗೆ ಹೋದ.

ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಐಸ್ ಫ್ಯಾಕ್ಟರೀಲಿ ನಾಳೆ ಗುಬ್ಬೀದು ಶುರು ಅಲ್ವಾ. ಅವಳ ಕಡೆಯವರೇ ಯಾರೋ ಇರ್ಬೇಕು" ಅಂದಳು. ಗುಬ್ಬಿ ಅಂದರೆ ಅವಳ ತಂಗಿ, ಮೈಕಣ್ಣನ ನಾದಿನಿ. ಚಿತ್ರ ಬಿಡಿಸೋಳು, ಈಚೆಗೆ ಅದನ್ನ ಬಿಟ್ಟು ದೊಡ್ಡ ದೊಡ್ಡದೇನೋ ಕಟ್ಟೋಳು.

"ಓಹೋ, ನಟರನ್ನ ಇಟ್ಕೊಂಡಿದಾಳಾ ನಿನ್ನ ತಂಗಿ?"

"ನಟರಿಲ್ವಂತೆ ರೀ. ನೋಡೋಕೆ ಬಂದೋರೇ ನಟರಂತೆ."

ಅದಕ್ಕೆ ಇನ್‌ಸ್ಟಲೇಶನ್ ಅಂತಾರಂತೆ. ಮನೆಗೆ ವಾಷಿಂಗ್ ಮಷೀನ್ ತಂದಾಗ ಕಂಪನಿಯವನು ಬಂದು ಮಾಡಿಕೊಟ್ಟು ಹೋಗ್ತಾನಲ್ಲ, ಅದೂ ಇನ್‌ಸ್ಟಲೇಶನ್ನೇ. ಅದರಲ್ಲಾದರೆ ಕೊನೆಗೆ ನಾಲ್ಕು ಬಟ್ಟೆಯಾದರೂ ಶುದ್ಧವಾಗುತ್ತೆ. ಇದರಲ್ಲಿ ಏನಪ್ಪಾ ಅಂದರೆ, ಫ್ಯಾಕ್ಟರಿಯೊಳಗೆ ಪ್ಲೈವುಡ್ಡಿನಲ್ಲಿ ಒಂದು ರಂಗಮಂಚ ಕಟ್ಟಿದ್ದಾಳೆ. ಪರದೆ, ದೀಪ, ಎದುರಿಗೆ ಖಾಲಿ ಕುರ್ಚಿ. ಬಂದವರು ಒಬ್ಬೊಬ್ಬರೇ ಒಳಗೆ ಹೋಗಿ ಮಂಚದ ಮೇಲೆ ನಿಂತು ಹೆದರಬೇಕು. ಅಷ್ಟೇ. ಸಭಾಕಂಪನ ಅಂದರೆ ಏನು ಅಂತ ಎಲ್ಲರಿಗೂ ತೋರಿಸೋದಂತೆ.

ಅವಳಿಗೆ ಆ ವಿಷಯ ಎಲ್ಲಿಂದ ಬಂತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕವಳಿದ್ದಾಗ ಶಾಲೆಯ ನಾಟಕದಲ್ಲಿ ರಾಣಿಯ ದಾಸಿಯಾಗಿದ್ದಳು. ಬಂದು ನಿಂತಳು, ಬಾಯಿಂದ ಮಾತೇ ಬರಲಿಲ್ಲ. ಆವತ್ತು ನಿರೂಪಕ ಯಾರು? ಅಕ್ಕನನ್ನ ಹೊಸದಾಗಿ ಮದುವೆಯಾಗಿದ್ದ ಈ ಮಹಾಶಯ. ಪಕ್ಕದಲ್ಲಿ ನಿಂತವನು ಮೈಕು ಬಾಯಿಗೆ ಹತ್ತಿರ ತಂದು, "ಅಯ್ಯೋ, ಗೊಂಬೆಯ ಕೀ ಮುಗಿದುಹೋಗಿದೆ! ಯಾರಾದ್ರೂ ಬಂದು ಕೀ ಕೊಡಿ ಪಾಪ!" ಅಂದ. ಸಭೆಗೆ ಸಭೆಯೇ ನಕ್ಕಿತು. ಅವಳು ಅಲ್ಲೇ ನಿಂತು ಲಂಗ ಒದ್ದೆ ಮಾಡಿಕೊಂಡಳು. ಆಮೇಲೆ ಆ ಹುಡುಗಿ ಒಂದು ವೇದಿಕೆಯನ್ನೂ ಹತ್ತಲಿಲ್ಲ. ಇವನು ಮಾತ್ರ ಮನೆಯಲ್ಲಿ ನಾಲ್ಕು ಜನ ಸೇರಿದಾಗೆಲ್ಲ ಅದನ್ನೇ ಹೇಳಿ ನಗಿಸೋನು. ಅವಳೂ ಅಲ್ಲೇ ಕೂತು ಎಲ್ಲರಿಗೂ ನೀರು ಕೊಡೋಳು.

ಸರಿ. ಮಾರನೇ ದಿನ ಸಂಜೆ ಹೋದ. ಹೆಂಡತಿ ಬಲವಂತ ಮಾಡಿದ್ದಳು, ಜೊತೆಗೆ ನಗೋಕೆ ಏನಾದರೂ ಸಿಗುತ್ತೆ ಅನ್ನೋ ಆಸೆ ಬೇರೆ.

ಅಲ್ಲಿಗೆ ಬಂದಿದ್ದ ಜನರನ್ನ ನೋಡಬೇಕಿತ್ತು ನೀವು. ಸೆಖೆಯಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡೋರು. ಒಳಗೆ ಹೋಗಿ ಬಂದ ಒಬ್ಬಾತ ಕಣ್ಣು ಮುಚ್ಚಿಕೊಂಡು, "ಇಲ್ಲಿ ಮೌನವೇ ಪಾತ್ರಧಾರಿ" ಅಂದ. ಪಕ್ಕದವಳು, "ಹೌದು, ಮತ್ತು ಪಾತ್ರಧಾರಿಯೇ ಮೌನ" ಅಂದಳು. ಇಬ್ಬರೂ ತಲೆ ಆಡಿಸಿದರು. ಮೈಕಣ್ಣ ಹೆಂಡತಿಯ ಕಿವಿಯಲ್ಲಿ, "ಇಬ್ರಿಗೂ ಹಸಿವಾಗಿದೆ ಅಷ್ಟೇ" ಅಂದ.

ಅವನ ಸರದಿ ಬಂತು. ಕಪ್ಪು ಪರದೆ ಸರಿಸಿ ಒಳಗೆ ಹೋದ. ಮೊದಲು ಬಣ್ಣದ ಕೋಣೆ, ಕನ್ನಡಿಯ ಸುತ್ತ ಬಲ್ಬು. ಅಲ್ಲಿಂದ ಮುಂದೆ ವಿಂಗ್... ಪಾತ್ರಧಾರಿಗಳು ಕರೆ ಬರೋ ತನಕ ಕಾಯ್ತಾರಲ್ಲ, ಮಂಚದ ಪಕ್ಕದ ಕತ್ತಲೆ ಸಂದಿ, ಅದು. ಮೇಲೊಂದು ಕೆಂಪು ಬಲ್ಬು. ಅದು ಹಸಿರಾದಾಗ ಮಂಚಕ್ಕೆ ಹೋಗಬೇಕು, ನಿಲ್ಲಬೇಕು, ಮುಂದಿನ ಮೆಟ್ಟಿಲಿಳಿದು ಹೊರಗೆ ಬರಬೇಕು. ಅಡಗಿಸಿಟ್ಟ ಸ್ಪೀಕರಿನಿಂದ ಸಭೆಯ ಸದ್ದು ಬರುತ್ತಿತ್ತು. ಕೆಮ್ಮು. ಬಳೆ ಸದ್ದು. ಯಾರೋ ಕಾಗದದ ಪೊಟ್ಟಣ ಬಿಚ್ಚೋ ಸರಸರ.

ಸಂದಿಯಲ್ಲಿ ಆಗಲೇ ಒಬ್ಬ ನಿಂತಿದ್ದ.

ಕತ್ತಲಲ್ಲಿ ಮುಖ ಕಾಣಲಿಲ್ಲ. ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ, ಸೇವಕನ ವೇಷ. ನಡುಗುತ್ತಿದ್ದ. ಎಷ್ಟು ನಡುಗುತ್ತಿದ್ದ ಅಂದರೆ ಸೊಂಟದ ಪಟ್ಟಿಯ ಕೊಂಡಿ ಪ್ಲೈವುಡ್ಡಿಗೆ ತಾಗಿ ಕಿಟಿಕಿಟಿಕಿಟಿ ಅನ್ನುತ್ತಿತ್ತು.

"ನೀವು... ನೀವು ಮೊದಲು ಹೋಗಿ" ಅಂದ, ಪಿಸುದನಿಯಲ್ಲಿ.

ದನಿ ಕೇಳಿದ ಕೂಡಲೇ ಮೈಕಣ್ಣನಿಗೆ ಗೊತ್ತಾಯಿತು. "ಓ! ಕಪ್ಪೆರಾಯ! ನೀನೇನಾ?"

"ನಿನ್ನೆ ಬಾವಿ ಹತ್ರ... ನೀವೇ ಅಲ್ವಾ?"

"ನಾನೇ. ಕಲಿತ್ಯಾ?"

"ಇನ್ನೂ ಸರಿಯಾಗಿ ಬರ್ತಿಲ್ಲ... ಯಾವಾಗ ಹೋಗ್ಬೇಕು ಅಂತ ಗೊತ್ತಾಗ್ತಿಲ್ಲ..."

ಮೇಲಿನ ಬಲ್ಬು ಹಸಿರಾಯಿತು. ಇವನ ಮುಂದೆ ಆ ಆಸಾಮಿ ದಾರಿಗಡ್ಡ ನಿಂತು ನಡುಗುತ್ತಲೇ ಇದ್ದ. ಮೈಕಣ್ಣನ ತಾಳ್ಮೆ ತೀರಿತು. "ಈಗ! ಈಗ ಹೋಗು! ಏನು ತಲೆ ಕಡೀತಾರಾ ಅಲ್ಲಿ?" ಅಂತ ಬೆನ್ನಿಗೆ ಕೈ ಹಾಕಿ ನೂಕಿಬಿಟ್ಟ.

ಬೆನ್ನು ತಣ್ಣಗಿತ್ತು. ಬಟ್ಟೆ ಒದ್ದೆ. ಮಂಜುಗಡ್ಡೆಯ ಮೇಲೆ ಗೋಣಿಚೀಲ ಹೊದಿಸಿಟ್ಟರೆ ಮುಟ್ಟೋಕೆ ಹೇಗಿರುತ್ತೋ, ಹಾಗೆ.

ಅವನು ಮುಗ್ಗರಿಸಿ ಬೆಳಕಿಗೆ ಹೋಗಿ ನಿಂತ. ಉಹ್ಹು ಅಂದ. ತಿರುಗಿದ.

ಮುಖದ ತುಂಬ ಬಣ್ಣ. ಹುಬ್ಬು ತಿದ್ದಿತ್ತು. ಮೀಸೆ ಬರೆದಿತ್ತು. ಕೆಂಪಗೆ ತುಟಿ ಬರೆದಿತ್ತು... ಬಾಯಿ ಇರಲಿಲ್ಲ. ತುಟಿಯ ಬಣ್ಣದ ಹಿಂದೆ ಬರೀ ಚರ್ಮ. ಮಾತಾಡೋಕೆ ಅಂತ ಅವನು ಪ್ರಯತ್ನ ಮಾಡಿದಾಗೆಲ್ಲ ಆ ಚರ್ಮ ಒಳಗಿಂದ ಉಬ್ಬಿ ಉಬ್ಬಿ ಬರುತ್ತಿತ್ತು.

ಸ್ಪೀಕರಿನ ಕೆಮ್ಮು ನಿಂತುಹೋಯಿತು.

ಆಮೇಲೆ ಎದುರಿನ ಕತ್ತಲಲ್ಲಿ ಒಂದು ಕುರ್ಚಿ... ಟಪ್. ಕೂತವರು ಎದ್ದರೆ ಮಡಚಿಕೊಳ್ಳೋ ಕುರ್ಚಿಗಳು ಅವು. ಇನ್ನೊಂದು... ಟಪ್. ಟಪ್. ಟಪ್ ಟಪ್. ಮುಂದಿನ ಸಾಲಿಂದ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರಾಗಿ ಎದ್ದು ಹೋದ ಹಾಗೆ. ಕೊನೆಯದು ಟಪ್ ಅನ್ನೋ ಹೊತ್ತಿಗೆ ಆ ವೇಷದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸಂದಿಗೆ ಓಡಿ ಬಂದು ಮೈಕಣ್ಣನ ಮಣಿಕಟ್ಟು ಹಿಡಿದುಕೊಂಡ.

"ನಾನು ಹೇಳ್ದೆ ಅಲ್ವಾ... ಇನ್ನೂ ಆಗಿರ್ಲಿಲ್ಲ... ಇನ್ನು ಮೇಲೆ ನೀವೇ ಹೇಳಿ. ಯಾವಾಗ ಹೋಗ್ಲಿ ಅಂತ ನೀವೇ ಹೇಳಿ."

ಮೈಕಣ್ಣ ಕೈ ಕಿತ್ತುಕೊಂಡು, ಮಂಚದ ಮೇಲಿಂದ ಹಾರಿ ಹೊರಗೆ ಬಂದ. ಬೆವರಿದ್ದ. ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು.

"ಯಾರೇ ಅವನು? ಒಳಗೆ ಯಾರನ್ನ ನಿಲ್ಸಿದೀಯ?"

"ಯಾರೂ ಇಲ್ಲ ಭಾವ."

"ಮತ್ತೆ ಆ ಕುರ್ಚಿ? ಟಪ್ ಟಪ್ ಅಂತ ಎದ್ದವಲ್ಲ, ಅದೂ ರೆಕಾರ್ಡಿಂಗಾ?"

ಗುಬ್ಬಿ ಅವನ ಮುಖವನ್ನೇ ನೋಡಿದಳು. "ಅವು ಮಡಚೋ ಕುರ್ಚಿ ಭಾವ. ಖಾಲಿ ಇದ್ರೆ ಮಡಚಿಕೊಂಡೇ ಇರ್ತವೆ. ಯಾರೂ ಕೂತಿಲ್ದೆ ಹೇಗೆ ಏಳ್ತವೆ?" ಆಮೇಲೆ ತುಟಿಯ ತುದಿಯಲ್ಲಿ ಸಣ್ಣಗೆ ನಕ್ಕಳು. "ಹೆದರಿದ್ರಾ?"

"ನಾನಾ?" ಅಂದ ಮೈಕಣ್ಣ.

ಆ ಫ್ಯಾಕ್ಟರಿಯಲ್ಲಿ ಯಾವ ನಟನೂ ಸತ್ತಿರಲಿಲ್ಲ, ಕೇಳಿ ತಿಳ್ಕೊಂಡಿದ್ದೇನೆ. ಅಲ್ಲಿ ನಾಟಕವೇ ನಡೆದಿರಲಿಲ್ಲ. ಪ್ಲೈವುಡ್ಡು ಹೊಸದು, ಪರದೆ ಹೊಸದು. ಆದರೆ ಹೆದರೋಕೆ ಅಂತಲೇ ಇಷ್ಟು ಅನುಕೂಲವಾಗಿ ಮನೆ ಕಟ್ಟಿಟ್ಟರೆ ಯಾರಾದರೂ ಬಾಡಿಗೆಗೆ ಬರದೆ ಇರ್ತಾರಾ? ಬಂದದ್ದಾದರೂ ಎಂಥದ್ದು! ದೆವ್ವ ಅಂದರೆ ಜನ ಹೆದರಬೇಕು. ಇದು ಜನಕ್ಕೆ ಹೆದರೋ ದೆವ್ವ. ಇಂಥ ಪುಕ್ಕಲು ದೆವ್ವದ ವಿಚಾರ ನಾನು ಬೇರೆಲ್ಲೂ ಕೇಳಿಲ್ಲ.

ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಆ ವಾರದಲ್ಲೇ ಅಂಚೆ ಕಚೇರಿಯ ದೊಡ್ಡ ಸಾಹೇಬರ ನಿವೃತ್ತಿ ಸಮಾರಂಭ. ಬೆಳಕು ಚೆನ್ನಾಗಿರೋ ಹಾಲು, ಹಗಲು ಹೊತ್ತು, ಪ್ಲಾಸ್ಟಿಕ್ ಕುರ್ಚಿಯ ತುಂಬ ಜನ. ಮೈಕಣ್ಣ ಎಂದಿನ ಹಾಗೆ ಶುರು ಮಾಡಿದ, ಎರಡು ಜೋಕು ಹೊಡೆದ, ಜನ ನಕ್ಕರು. ಆಗ ಬೆನ್ನ ಹಿಂದಿನ ಬ್ಯಾನರಿನ ಮರೆಯಿಂದ... ಕಿಟಿಕಿಟಿಕಿಟಿ.

"ಈಗ ಹೋಗಲಾ?"

ಕಿವಿಯ ಹತ್ತಿರವೇ. ಮೈಕಣ್ಣನ ತಲೆಯಿಂದ ಮುಂದಿನ ಜೋಕು ಹಾರಿಹೋಯಿತು. ಆದರೆ ಬಾಯಿಗೆ ಅಭ್ಯಾಸ ಇತ್ತಲ್ಲ, ಅದು ತನ್ನಷ್ಟಕ್ಕೆ ನಡೆಯಿತು.

"ಈಗ... ವೇದಿಕೆಗೆ ಬರಬೇಕು..."

ಸಾಹೇಬರ ಹೆಸರು ಹೇಳೋಕೆ ಮೊದಲೇ ಅವನ ಭುಜ ಸವರಿಕೊಂಡು ಒಂದು ತಂಪು ಮುಂದೆ ಹೋಯಿತು. ಮೈಕಿನಲ್ಲಿ ಒಂದೇ ಒಂದು ಸಲ... ಉಹ್ಹು. ಎಲ್ಲರಿಗೂ ಕೇಳಿಸಿತು.

ಕುರ್ಚಿಗಳು ಕರ್ರ್ ಅಂದವು. ಎಲ್ಲರೂ ಎದ್ದರು. ಗಾಬರಿಯಿಲ್ಲ, ಗಲಾಟೆಯಿಲ್ಲ. ಬಟ್ಟೆ ಕೊಡವಿಕೊಂಡು, ಬಸ್ಸಿನ ಮಾತಾಡುತ್ತಾ, ಮಕ್ಕಳ ಕೈ ಹಿಡಿದುಕೊಂಡು ಹೊರಟೇಬಿಟ್ಟರು. ಸಾಹೇಬರ ಸ್ವಂತ ಹೆಂಡತಿಯೂ ಬ್ಯಾಗು ಎತ್ತಿಕೊಂಡು ಹೊರಟರು. ಪಾಪ, ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಭಾಷಣ ಬರೆದುಕೊಂಡು ಬಂದಿದ್ದರು. ಕಾಗದ ಹಿಡಿದು ಖಾಲಿ ಹಾಲು ನೋಡುತ್ತಾ ನಿಂತರು. ಆಮೇಲೆ ಯಾರನ್ನ ಕೇಳಿದರೂ ಒಂದೇ ಉತ್ತರ. "ಮುಗೀತಲ್ವಾ? ಮುಗೀತು ಅನ್ನಿಸ್ತು, ಎದ್ದು ಬಂದ್ವಿ."

ಆವತ್ತಿಂದ ಮೈಕಣ್ಣ ಎಲ್ಲಿ ಮೈಕು ಹಿಡಿದರೂ ಅದು ಬಂದು ಮರೆಯಲ್ಲಿ ನಿಲ್ಲೋದು. "ಈಗ ಹೋಗಲಾ?" ಇವನು ಮಾತಿನ ಮಧ್ಯೆ ಪಕ್ಕಕ್ಕೆ ತಿರುಗಿ, "ಇನ್ನೂ ಇಲ್ಲ!" ಅನ್ನಬೇಕು. 'ಈಗ' ಅನ್ನೋ ಹಾಗಿಲ್ಲ. 'ಬನ್ನಿ' ಅನ್ನೋ ಹಾಗಿಲ್ಲ. ನಿರೂಪಕನಿಗೆ ಆ ಎರಡು ಮಾತು ಬಿಟ್ಟರೆ ಇನ್ನೇನು ಉಳಿಯುತ್ತೆ ಹೇಳಿ? ಒಂದು ಅಂಗಡಿಯ ಉದ್ಘಾಟನೆಯಲ್ಲಿ, "ಮಾಲೀಕರು ಇಲ್ಲೇ ಎಲ್ಲೋ ಇದ್ದಾರೆ... ಅವರಿಗೆ ಯಾವಾಗಲಾದರೂ ಅನುಕೂಲವಾದರೆ... ಮೇಲೆ ಕಾಣಿಸಿಕೊಂಡರೂ ಕಾಣಿಸಿಕೊಳ್ಳಬಹುದು... ಇನ್ನೂ ಇಲ್ಲ! ಇನ್ನೂ ಇಲ್ಲ ಅಂದ್ನಲ್ಲ!" ಅಂದನಂತೆ. ಮಾಲೀಕರು ಮೇಲೆ ಬಂದು ಇವನ ಕೈಯಿಂದ ಮೈಕು ಕಿತ್ತುಕೊಂಡರು. ಕರೆಯೋರು ಕಡಿಮೆಯಾದರು. ಆಮೇಲೆ ಯಾರೂ ಕರೆಯಲಿಲ್ಲ.

ಹೆಂಡತಿಗೆ ಎಲ್ಲ ಹೇಳಿಕೊಂಡ. ಅವಳು ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. "ಇಷ್ಟು ವರ್ಷ ನಿಮ್ಮ ಮಾತಿಗೇ ಜನ ಎದ್ದು ಹೋಗ್ತಿದ್ರು. ಈಗ ದೆವ್ವದ ಮೇಲೆ ಹಾಕ್ತೀರಲ್ಲ, ಅದಕ್ಕಾದ್ರೂ ಮಾನ ಬೇಡ್ವಾ?" ಅಂದಳು.

ಒಂದು ಸಂಜೆ ಮತ್ತೆ ಆ ಓಣಿಯಲ್ಲಿ ಬರುತ್ತಿದ್ದ. ತೊಟ್... ತೊಟ್. ಬಾವಿಯ ಕಟ್ಟೆ ಹತ್ತಿರ ಬಂದಾಗ ತೊಟ್ ನಿಂತಿತು. ಇವನೂ ನಿಂತ.

"ಭಾನುವಾರ ಗುಬ್ಬಿಯವರ ಭಾಷಣ ಇದೆಯಲ್ಲ" ಅಂತು ಕಿಟಕಿ. "ಕೊನೇ ದಿನ ಅಂತ... ತುಂಬ ಜನ ಬರ್ತಾರಂತೆ. ನಾನೂ ಹೋಗ್ತೀನಿ."

"ಬೇಡ."

"ಅಭ್ಯಾಸ ಮಾಡ್ತಿದೀನಿ... ದಿನಾ ಮಾಡ್ತಿದೀನಿ..."

"ಬೇಡ ಮಾರಾಯ. ಅದೊಂದು ಬೇಡ. ಅವಳದ್ದು ಬೇಡ."

"ನೀವೇ ಅಲ್ವಾ... ಹೋಗು ಅಂದಿದ್ದು?"

ಆ ಪ್ಲೈವುಡ್ ಮಂಚದ ಮೇಲೆ ಗುಬ್ಬಿ ನಿಂತಿರೋದು, ಅವಳೆದುರಿಗೆ ಕುರ್ಚಿಗಳು ಒಂದೊಂದಾಗಿ ಟಪ್ ಟಪ್ ಅನ್ನೋದು ಮೈಕಣ್ಣನ ಕಣ್ಣಿಗೆ ಕಟ್ಟಿತು. ನೇರವಾಗಿ ಅವಳ ಮನೆಗೇ ಹೋದ.

ಅವಳು ಕೈಯಲ್ಲಿ ಚೀಟಿ ಹಿಡಿದು ಗೋಡೆಯ ಮುಂದೆ ನಿಂತು ಏನೋ ಗೊಣಗುತ್ತಿದ್ದಳು. ಇವನನ್ನ ಕಂಡು ಚೀಟಿ ಬೆನ್ನ ಹಿಂದೆ ಇಟ್ಟುಕೊಂಡಳು.

"ಗುಬ್ಬಿ, ಭಾನುವಾರ ಭಾಷಣ ಬೇಡ ಕಣೇ."

"ಯಾಕೆ ಭಾವ? ಕೀ ಮುಗಿದುಹೋಗುತ್ತೆ ಅಂತಾನಾ?"

ಆಗಲಾದರೂ ಕ್ಷಮೆ ಕೇಳಿದೆಯಾ ಅಂತ ನಾನು ಆಮೇಲೆ ಅವನನ್ನೇ ಕೇಳಿದೆ. ಇಲ್ಲವಂತೆ. ಬಾಯಿಗೆ ಬಂತಂತೆ, ಆಚೆ ಬರಲಿಲ್ಲವಂತೆ. ಅಷ್ಟೇ ಅವನ ಯೋಗ್ಯತೆ.

"ನಾನು ತೊದಲ್ತೀನಿ, ನಂಗೊತ್ತು" ಅಂದಳು ಗುಬ್ಬಿ. "ತೊದಲಿ ತೊದಲಿ ಮುಗಿಸ್ತೀನಿ. ನೀವು ಮಾತ್ರ ಬರ್ಬೇಡಿ. ನಿಮ್ಮ ಮುಖ ಕಂಡ್ರೆ ನನ್ನ ಗಂಟಲು ಕಟ್ಟುತ್ತೆ."

ಭಾನುವಾರ ಸಂಜೆ ಅವನು ಬಂದ. ಅವಳಿಗೆ ಕಾಣಿಸೋದು ಬೇಡ ಅಂತ ಹಿಂದಿನ ಬಾಗಿಲಿಂದ ನುಸುಳಿ, ಬಣ್ಣದ ಕೋಣೆ ದಾಟಿ, ವಿಂಗ್‌ನ ಕತ್ತಲಲ್ಲಿ ಒಂದು ಖಾಲಿ ಡಬ್ಬದ ಮೇಲೆ ಕೂತ. ಕುರ್ಚಿಗಳೆಲ್ಲ ತುಂಬಿದ್ದವು. ನಾನೂ ಹಿಂದಿನ ಸಾಲಿನಲ್ಲಿ ಇದ್ದೆ.

ಅದು ಆಗಲೇ ಬಂದು ನಿಂತಿತ್ತು. ಕಿಟಿಕಿಟಿಕಿಟಿ.

"ಈಗ ಹೋಗಲಾ?"

"ಇನ್ನೂ ಇಲ್ಲ. ಕೈ ಕೊಡಿಲ್ಲಿ."

ತಾನೇ ಕೈ ಚಾಚಿ ಹಿಡಿದುಕೊಂಡ. ಮಂಜುಗಡ್ಡೆ ಹಿಡಿದ ಹಾಗೆ ಮೊದಲು ಉರಿಯಿತು, ಆಮೇಲೆ ಬೆರಳು ಇದೆಯೋ ಇಲ್ಲವೋ ಅನ್ನೋ ಹಾಗೆ ಮರಗಟ್ಟಿತು. ಬಿಡಲಿಲ್ಲ.

ಗುಬ್ಬಿ ಮಂಚಕ್ಕೆ ಬಂದಳು. ಮೈಕಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. "ಎಲ್ಲರಿಗೂ... ನ... ನಮಸ್ಕಾರ" ಅಂದಳು. ಚೀಟಿ ಪಟಪಟ ನಡುಗುತ್ತಿತ್ತು. ನಾಲ್ಕು ಮಾತಾಡಿದಳು. ನಿಂತಳು.

ಅವಳು ನಿಂತ ಕೂಡಲೇ ಆ ಕೈ ಎಳೆಯಿತು. ಮಾತು ನಿಂತರೆ ತನ್ನ ಸರದಿ ಬಂತು ಅಂದುಕೊಳ್ಳೋದು ಅದು. "ಈಗಾ? ಈಗ ಹೋಗಲಾ?"

"ಇನ್ನೂ ಇಲ್ಲ."

ಅದು ಒಂದು ಹೆಜ್ಜೆ ಇಟ್ಟೇಬಿಟ್ಟಿತು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ... ಟಪ್. ಶಾಲಿನವನೊಬ್ಬ ಎದ್ದು ನಿಂತ, ತಾನ್ಯಾಕೆ ಎದ್ದೆ ಅಂತ ಅವನಿಗೇ ಗೊತ್ತಿಲ್ಲದ ಹಾಗೆ ಕಣ್ಣು ಪಿಳಿಪಿಳಿ ಬಿಟ್ಟ. ಮೈಕಣ್ಣ ಡಬ್ಬದಿಂದ ಜಾರಿ ಮೊಣಕಾಲೂರಿ ಎರಡೂ ಕೈಯಲ್ಲಿ ಹಿಡಿದು ಎಳೆದ. "ಇನ್ನೂ ಇಲ್ಲ... ಇನ್ನೂ ಇಲ್ಲ ಕಣಪ್ಪಾ... ದಮ್ಮಯ್ಯ." ಯಾರಿಗೂ ದಮ್ಮಯ್ಯ ಅಂದವನಲ್ಲ ಅವನು.

ಅಷ್ಟರಲ್ಲಿ ಗುಬ್ಬಿಗೆ ಮಾತು ಸಿಕ್ಕಿತು. ಮುಂದುವರಿದಳು. ಎದ್ದವನು ಕೂತ.

ಹೀಗೇ ಎಷ್ಟು ಸಲ ಆಯಿತೋ. ಅವಳು ತಡವರಿಸೋದು, ಇದು ಎಳೆಯೋದು, ಎಲ್ಲೋ ಒಂದು ಟಪ್, ಅವಳು ಮುಂದುವರಿಯೋದು. ಮಧ್ಯೆ ಒಮ್ಮೆ ಅದು ಎಳೆಯೋದು ಬಿಟ್ಟು ಸುಮ್ಮನೆ ಅವಳನ್ನೇ ನೋಡಿತಂತೆ.

"ಅವರೂ ನಡುಗ್ತಿದಾರೆ..."

"ಹೂಂ."

"ಆದ್ರೂ ನಿಂತಿದಾರೆ. ಹೇಗೆ?"

"ನನ್ನ ಕೇಳ್ಬೇಡ" ಅಂದ ಮೈಕಣ್ಣ. "ನನಗೆ ಗೊತ್ತಿಲ್ಲ. ನಾನು ಯಾವತ್ತೂ ನಡುಗಿದೋನಲ್ಲ."

ಭಾಷಣ ಮುಗಿಯಿತು. ಅಂಥಾ ದೊಡ್ಡ ಭಾಷಣವೇನಲ್ಲ, ನಿಜ ಹೇಳಬೇಕಂದರೆ ಅರ್ಧ ನನಗೆ ಅರ್ಥವೂ ಆಗಲಿಲ್ಲ. ಆದರೆ ಮುಗಿಸಿದಳು. ಜನ ಚಪ್ಪಾಳೆ ತಟ್ಟಿ ಎದ್ದರು. ಟಪ್ ಟಪ್ ಟಪ್ ಅಂತ ಎಲ್ಲ ಕುರ್ಚಿಗಳೂ ಒಟ್ಟಿಗೆ. ಆ ಸದ್ದಿನಲ್ಲಿ ಮೈಕಣ್ಣ ಕೈ ನೋಡಿಕೊಂಡ. ಖಾಲಿ. ಬೆರಳು ನೀಲಿಗಟ್ಟಿದ್ದವು.

ಅದು ಮತ್ತೆ ಬರಲಿಲ್ಲ. ಅದಾದ ವಾರಕ್ಕೆ ಪ್ಲೈವುಡ್ಡು ಬಿಚ್ಚಿ ಲಾರಿಗೆ ಹಾಕಿದರು. ಮೈಕಣ್ಣನನ್ನ ಈಗ ಆಗೊಮ್ಮೆ ಈಗೊಮ್ಮೆ ಕರೀತಾರೆ, ಹೋಗ್ತಾನೆ. ಜೋಕು ಕಡಿಮೆ ಮಾಡಿದ್ದಾನೆ, ಊರಿಗೆ ಅಷ್ಟು ಉಪಕಾರ. ಯಾರಾದರೂ ವೇದಿಕೆಯ ಮೇಲೆ ತೊದಲಿದರೆ ತಲೆ ತಗ್ಗಿಸಿ ಶೂ ನೋಡಿಕೊಂಡು ನಿಂತಿರ್ತಾನೆ. ಬೀದಿಯವರೆಲ್ಲ ಅವನಿಗೆ ತಲೆ ಕೆಟ್ಟಿತ್ತು ಅಂತಾರೆ. ಹಾಗೆ ಅನ್ನೋರಿಗೆ ಒಂದು ಮಾತು ಗೊತ್ತಿಲ್ಲ. ಅದು ಆ ಭಾನುವಾರವೇ, ನನ್ನೆದುರಿಗೇ ಆದದ್ದು.

ಚಪ್ಪಾಳೆ ನಿಂತ ಮೇಲೆ ನಾನು ಮಂಚದ ಹತ್ತಿರ ಹೋದೆ. ಗುಬ್ಬಿ ವಿಂಗ್‌ಗೆ ಬಂದಳು. ಮೊಣಕಾಲೂರಿ ಕೂತಿದ್ದ ಭಾವನನ್ನ ಕಂಡಳು. ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. "ನೀವಾ ಭಾವ ಹೇಳಿಕೊಟ್ಟಿದ್ದು?" ಅಂದಳು.

"ಏನು?"

"ನಾನು ನಿಂತಾಗೆಲ್ಲ ಮುಂದಿನ ಮಾತು ಮೆಲ್ಲಗೆ ಹೇಳಿಕೊಡ್ತಿದ್ರಲ್ಲ. ಒಂದಕ್ಷರ ತಪ್ಪಿಲ್ದೆ. ಚೀಟಿ ನಾನು ಯಾರಿಗೂ ತೋರ್ಸಿರ್ಲಿಲ್ಲ."

ಮೈಕಣ್ಣ ಇಲ್ಲ ಅಂತ ತಲೆ ಆಡಿಸಿದ. ನನಗೆ ಏನನ್ನಿಸಿತೋ, "ಯಾವ ಕಡೆಯಿಂದಮ್ಮಾ ಕೇಳಿಸಿದ್ದು?" ಅಂದೆ.

ಅವಳು ಎಡಗಡೆಗೆ ಕೈ ತೋರಿಸಿದಳು. ಇವನು ಇದ್ದದ್ದು ಬಲಗಡೆ. ಅವನೂ, ಅವನು ಹಿಡಿದುಕೊಂಡಿದ್ದದ್ದೂ ಬಲಗಡೆ.

ನಾನು ಎಡಗಡೆ ಹೋಗಿ ನೋಡಿದೆ. ಅಲ್ಲಿ ವಿಂಗೇ ಇಲ್ಲ. ಪರದೆ ಸರಿಸಿದರೆ ಫ್ಯಾಕ್ಟರಿಯ ಹಳೇ ಗೋಡೆ, ದಪ್ಪ ಸಿಮೆಂಟಿನ ಗೋಡೆ. ಸಂದಿಯಿಲ್ಲ, ಕಿಂಡಿಯಿಲ್ಲ, ಒಬ್ಬ ಅಡ್ಡಡ್ಡಲಾಗಿ ನಿಲ್ಲೋಕೂ ಜಾಗವಿಲ್ಲ. ನಂಬೋದಾದರೆ ನಂಬಿ, ಬಿಟ್ಟರೆ ಬಿಡಿ, ಈ ಕೈಯಿಂದಲೇ ಮುಟ್ಟಿ ನೋಡಿದ್ದೇನೆ. ಗೋಡೆಯೆಲ್ಲ ತಣ್ಣಗಿತ್ತು. ನಿಂತವರ ಬಾಯಿಯ ಎತ್ತರದಲ್ಲಿ, ಅಂಗೈ ಅಗಲದಷ್ಟು ಜಾಗ ಮಾತ್ರ... ಆಗತಾನೇ ಯಾರೋ ಉಸಿರು ಬಿಟ್ಟ ಹಾಗೆ, ಬೆಚ್ಚಗೆ, ಒದ್ದೆಯಾಗಿತ್ತು.